ಸೊನ್ನೆಗೆ ಜಾಗವಿಲ್ಲದ ಆ್ಯಪ್: ಒಂಬತ್ತು ತಿಂಗಳ ನಂತರ ಒಂದು ವಿಮರ್ಶೆ

ನಮ್ಮವರಿಗೆ ಲಕ್ವ ಹೊಡೆದು ಎರಡು ತಿಂಗಳಾದ ಮೇಲೆ, ಮನೆಯಲ್ಲೇ ಫಿಸಿಯೋಥೆರಪಿ ಮಾಡಿಸುವ ಈ ಆ್ಯಪ್ ಸೇವೆಗೆ ಚಂದಾ ಕಟ್ಟಿದೆವು. ಕಂಪನಿಯ ಹೆಸರು ಬರೆಯುವುದಿಲ್ಲ. ನಾನು ಹೇಳಹೊರಟಿರುವ ದೋಷ ಅದೊಂದರದೇ ಅಲ್ಲ, ಮತ್ತು ಅದನ್ನು ಬೈಯುವುದಷ್ಟೇ ನನ್ನ ಉದ್ದೇಶವೂ ಅಲ್ಲ. ಟ್ಯಾಬ್ಲೆಟ್ ಮುಂದೆ ಕುಳಿತರೆ ಅದರ ಕ್ಯಾಮೆರಾ ಕೈಕಾಲುಗಳ ಚಲನೆಯನ್ನು ಗಮನಿಸುತ್ತದೆ, ಎಣಿಸುತ್ತದೆ, ತಪ್ಪಿದರೆ ತಿದ್ದುತ್ತದೆ, ಕೊನೆಗೊಂದು ಅಂಕ ಕೊಡುತ್ತದೆ. ತೆರೆದ ಕೂಡಲೇ ಕಾಣುವ ಪರದೆಯಲ್ಲಿ ಹಸಿರು ಅಕ್ಷರಗಳಲ್ಲಿ ಒಂದು ಸಾಲಿದೆ: ನಮ್ಮ ಬಳಕೆದಾರರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಆರು ತಿಂಗಳಲ್ಲಿ ಸುಧಾರಿಸಿದ್ದಾರೆ.

ನಮ್ಮವರು ಆ ಒಂಬತ್ತರಲ್ಲೂ ಇಲ್ಲ, ಉಳಿದ ಒಂದರಲ್ಲೂ ಇಲ್ಲ. ಈ ವಿಮರ್ಶೆ ಬರೆಯಲು ಕೂತದ್ದು ಅದಕ್ಕೇ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಇವಳಿಗೇಕೆ ಇಷ್ಟು ತಕರಾರು ಎನಿಸಬಹುದು. ನಿವೃತ್ತಿಯಾಗುವ ಮುಂಚೆ ಹನ್ನೊಂದು ವರ್ಷ ನಾನು ಒಂದು ದೀರ್ಘಾವಧಿ ಪುನಶ್ಚೇತನ ಅಧ್ಯಯನದಲ್ಲಿ ಫಾಲೋ ಅಪ್ ಮೇಜಿನ ಹಿಂದೆ ಕೂತಿದ್ದೆ. ಪಾರ್ಶ್ವವಾಯು, ತಲೆಗೆ ಪೆಟ್ಟು, ಸೊಂಟದ ಮೂಳೆ ಮುರಿತ, ಹೀಗೆ ಆಸ್ಪತ್ರೆ ಬಿಟ್ಟು ಹೋದವರನ್ನು ಮೂರು ತಿಂಗಳಿಗೆ, ಆರು ತಿಂಗಳಿಗೆ, ಒಂದು ವರ್ಷಕ್ಕೆ, ಎರಡು ವರ್ಷಕ್ಕೆ ಹುಡುಕಿ ಹಿಡಿದು, ಹೇಗಿದ್ದೀರಿ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಹುಡುಕಿ ಹಿಡಿಯುವುದು ಎಂದದ್ದು ಅಲಂಕಾರಕ್ಕಲ್ಲ. ಸೇರುವ ದಿನವೇ ಅದೇ ಮನೆಯಲ್ಲಿ ವಾಸಿಸದ ಮೂವರು ಬಂಧುಗಳ ಫೋನ್ ನಂಬರು ಬರೆಸಿಕೊಳ್ಳುತ್ತಿದ್ದೆವು. ವರ್ಷ ತುಂಬುವಷ್ಟರಲ್ಲಿ ಮೂರರಲ್ಲಿ ಎರಡು ಸತ್ತ ನಂಬರಾಗಿರುತ್ತಿದ್ದವು.

ಇನ್ನು ಸೇವೆಯ ವಿಷಯ. ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಒಳ್ಳೆಯದು ನಿಜವಾಗಿಯೂ ಇದೆ. ಗುಂಡಿಗಳು ದೊಡ್ಡವು, ನಡುಗುವ ಬೆರಳಿಗೂ ಸಿಗುತ್ತವೆ. ಧ್ವನಿ ನಿಧಾನವಾಗಿದೆ, ಅವಸರಿಸುವುದಿಲ್ಲ. ಕೈ ಎತ್ತಲಾಗದೆ ನಮ್ಮವರು ಬೆನ್ನನ್ನೇ ಹಿಂದಕ್ಕೆ ವಾಲಿಸಿ ಕೈ ಎತ್ತಿದಂತೆ ಕಾಣಿಸಿದರೆ ಕ್ಯಾಮೆರಾ ಆ ಕಳ್ಳಾಟವನ್ನು ಮೊದಲ ದಿನವೇ ಹಿಡಿಯಿತು. ಕುರ್ಚಿಯಿಂದ ಏಳುವ, ಕೂರುವ ವ್ಯಾಯಾಮದ ಎಣಿಕೆ ಒಂದು ದಿನವೂ ತಪ್ಪಲಿಲ್ಲ. ಮೊದಲ ತಿಂಗಳು ವಾರಕ್ಕೊಮ್ಮೆ ಒಬ್ಬ ಫಿಸಿಯೋಥೆರಪಿಸ್ಟ್ ವಿಡಿಯೋದಲ್ಲಿ ಬಂದು ಮಾತನಾಡುತ್ತಿದ್ದರು. ಹುಡುಗ ಚೆನ್ನಾಗಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಎರಡನೆಯ ತಿಂಗಳಿನಿಂದ ಅವನ ಜಾಗಕ್ಕೆ ಬಾರಿಸುವ ಗಂಟೆಯ ಪುಟ್ಟ ಚಿತ್ರವೊಂದು ಬಂತು. ಅದನ್ನು ಒತ್ತಿದರೆ ಸಾಮಾನ್ಯ ಪ್ರಶ್ನೆಗಳ ಪಟ್ಟಿ ತೆರೆದುಕೊಳ್ಳುತ್ತದೆ.

ಎಂಟು ವಾರ ನಮ್ಮವರು ನಿಷ್ಠೆಯಿಂದ ಮಾಡಿದರು. ಅಂಕ ಮೂವತ್ತೆಂಟರಿಂದ ಅರವತ್ತೊಂದಕ್ಕೆ ಏರಿತು. ಒಂಬತ್ತನೆಯ ವಾರ ಆ್ಯಪ್ ಅವರನ್ನು ಮುಂದಿನ ಹಂತಕ್ಕೆ ಏರಿಸಿತು: ಎರಡೂ ಕೈ ಸೇರಿಸಿ ತಲೆಯ ಮೇಲಕ್ಕೆ ಎತ್ತುವುದು, ದಿನಕ್ಕೆ ಮೂವತ್ತು ಸಲ. ಲಕ್ವದ ನಂತರ ಭುಜದ ಸ್ನಾಯುಗಳು ಸಡಿಲಾಗಿ ಕೀಲು ತುಸು ಜಾರಿದಂತಿರುತ್ತದೆ. ಅಂಥ ಭುಜವನ್ನು ಒಳ್ಳೆಯ ಕೈಯಿಂದ ಎಳೆದು ಮೇಲೆತ್ತಿಸುವುದು ಅಪಾಯ. ನಾನು ಇಷ್ಟು ವರ್ಷ ಈ ಜನರ ನಡುವೆ ಇದ್ದವಳು, ಗೊತ್ತಿರಬೇಕಿತ್ತು. ಗೊತ್ತಾಗುವಷ್ಟರಲ್ಲಿ ರಾತ್ರಿ ಆ ಮಗ್ಗುಲಿಗೆ ಮಲಗಲಾಗದಷ್ಟು ನೋವು ಬಂದಿತ್ತು. ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ನೋಡಿದವರೇ "ಸದ್ಯಕ್ಕೆ ಇದನ್ನು ನಿಲ್ಲಿಸಿ" ಎಂದರು. ನಿಲ್ಲಿಸಿದೆವು.

ಆಮೇಲೆ ಏನಾಯಿತು ಎನ್ನುವುದೇ ಈ ಸೇವೆಯ ನಿಜವಾದ ಪರೀಕ್ಷೆ. ಮೂರನೆಯ ದಿನ: "ನಿಮ್ಮ ಸತತ ಸರಣಿ ಮುರಿಯಿತು!" ಐದನೆಯ ದಿನ ಒಂದು ಅಳುಮುಖದ ಚಿತ್ರ. ಏಳನೆಯ ದಿನ "ನಿಮಗಾಗಿ ಕಾಯುತ್ತಿದ್ದೇವೆ". ಹದಿನಾಲ್ಕರ ನಂತರ ಮೌನ. ಒಬ್ಬ ಮನುಷ್ಯನಾದರೂ ಫೋನ್ ಮಾಡಿ ಏಕೆ ನಿಲ್ಲಿಸಿದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಒಂದೇ ಶಬ್ದದಲ್ಲಿ ಉತ್ತರ ಸಿಗುತ್ತಿತ್ತು, ಆ ಒಂದು ಶಬ್ದದಿಂದ ಇನ್ನೊಬ್ಬರ ಭುಜ ಉಳಿಯುತ್ತಿತ್ತು.

ನಾನು ಸಹಾಯವಾಣಿಗೆ ಬರೆದೆ. ಹತ್ತಕ್ಕೆ ಒಂಬತ್ತು ಎಂದು ಹಾಕಿದ್ದೀರಲ್ಲ, ಆ ಹತ್ತು ಮಂದಿ ಯಾರು? ಎರಡು ದಿನದಲ್ಲಿ ಉತ್ತರ ಬಂತು, ವಿನಯದಿಂದಲೇ: ಲೆಕ್ಕಕ್ಕೆ ಸಕ್ರಿಯ ಬಳಕೆದಾರರನ್ನು ಮಾತ್ರ ತೆಗೆದುಕೊಳ್ಳುತ್ತಾರಂತೆ, ಸಕ್ರಿಯ ಎಂದರೆ ಕಳೆದ 14 ದಿನಗಳಲ್ಲಿ ಒಮ್ಮೆಯಾದರೂ ವ್ಯಾಯಾಮ ಪೂರ್ಣಗೊಳಿಸಿದವರಂತೆ. ಉತ್ತರಿಸಿದವರು ಏನನ್ನೂ ಮುಚ್ಚಿಡಲಿಲ್ಲ, ಅದಕ್ಕೆ ಪೂರ್ತಿ ಅಂಕ. ಮುಚ್ಚಿಡುವಂಥದ್ದು ಇದರಲ್ಲಿ ಏನೋ ಇದೆ ಎಂದು ಅವರಿಗೆ ಅನಿಸಿರಲೇ ಇಲ್ಲ.

ಒಂದು ಲೆಕ್ಕ ಹಾಕಿ. ಇದು ಅವರ ಲೆಕ್ಕವಲ್ಲ, ನಾನು ಊಹಿಸಿಕೊಂಡದ್ದು. ನೂರು ಮಂದಿ ಸೇರಿದರು. ಆರು ತಿಂಗಳಿಗೆ ಅರವತ್ತು ಮಂದಿ ಉಳಿದರು. ಆ ಅರವತ್ತರಲ್ಲಿ ಐವತ್ತನಾಲ್ಕು ಮಂದಿ ಸುಧಾರಿಸಿದರು. ಹತ್ತಕ್ಕೆ ಒಂಬತ್ತು, ಸರಿಯೇ. ಹೋದ ನಲವತ್ತು ಮಂದಿಯಲ್ಲಿ ಯಾರೂ ಸುಧಾರಿಸಿಲ್ಲ ಎಂದಿಟ್ಟುಕೊಂಡರೆ ಅದು ನೂರಕ್ಕೆ ಐವತ್ತನಾಲ್ಕು. ಎಲ್ಲರೂ ಸುಧಾರಿಸಿ ಹೊರಟರು ಎಂದರೆ ತೊಂಬತ್ತನಾಲ್ಕು. ನಿಜ ಈ ಎರಡರ ನಡುವೆ ಎಲ್ಲೋ ಇದೆ, ಮತ್ತು ಎಲ್ಲಿ ಎಂಬುದು ಆ ನಲವತ್ತು ಮಂದಿಗೆ ಮಾತ್ರ ಗೊತ್ತು. ಹಸಿರು ಅಕ್ಷರದ ಸಾಲು ಅವರನ್ನು ಕೇಳದೆಯೇ ಬರೆದದ್ದು.

ಬಿಟ್ಟು ಹೋದವರೆಲ್ಲ ಒಂದೇ ಬಗೆಯವರಲ್ಲ ಎಂಬುದನ್ನು ನಾನು ಪುಸ್ತಕದಿಂದ ಕಲಿತವಳಲ್ಲ. ಎರಡು ಹೆಸರು, ಹೆಸರು ಬೇಡ, ಎರಡು ಮುಖ ಇಂದಿಗೂ ಕಣ್ಣಮುಂದಿವೆ. ಒಬ್ಬಾಕೆ ಮೂವತ್ತರ ಆಸುಪಾಸಿನವಳು, ತಲೆಗೆ ಪೆಟ್ಟಾಗಿತ್ತು. ಒಂದು ವರ್ಷದ ಭೇಟಿಗೆ ಮೂರು ಸಲ ಬರಲಿಲ್ಲ. ನಾಲ್ಕನೆಯ ಸಲ ಫೋನ್ ಎತ್ತಿದಾಗ ಹಿಂದೆ ಬಸ್ಸಿನ ಸದ್ದು. "ಮೇಡಂ, ಕೆಲಸಕ್ಕೆ ಸೇರಿದ್ದೇನೆ, ರಜೆ ಸಿಗುವುದಿಲ್ಲ. ನನಗೆ ಏನಾಗಿತ್ತು ಎಂಬುದೇ ಮರೆತುಹೋಗಿದೆ" ಎಂದು ನಕ್ಕಳು. ಇನ್ನೊಬ್ಬರು ಎಪ್ಪತ್ತರ ಹಿರಿಯರು, ಲಕ್ವ. ಅವರ ಕಡತದಲ್ಲಿ ನನ್ನ ಸಹೋದ್ಯೋಗಿ "ಆಸಕ್ತಿ ಇಲ್ಲ" ಎಂದು ಬರೆದು ಮುಚ್ಚಿದ್ದರು. ನನಗೆ ಸಮಾಧಾನವಾಗದೆ ಮನೆ ಹುಡುಕಿಕೊಂಡು ಹೋದೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಹನ್ನೊಂದು ತಿಂಗಳಿಂದ ಕೆಳಗಿಳಿದಿಲ್ಲ ಎಂದು ಸೊಸೆ ಹೇಳಿದರು. ನನ್ನ ಫಾರಂನ ನಾಲ್ಕನೆಯ ಪ್ರಶ್ನೆ: ಮೆಟ್ಟಿಲು ಹತ್ತಿ ಇಳಿಯಬಲ್ಲಿರಾ? ಆ ಪ್ರಶ್ನೆಗೆ ಉತ್ತರ ಕೊಡಲು ಅವರು ಬರಲಾಗದೆ ಹೋದದ್ದೇ ಮೆಟ್ಟಿಲು ಇಳಿಯಲಾಗದೆ. ನಮ್ಮ ಗಣಕದಲ್ಲಿ ಮಾತ್ರ ಆ ಹುಡುಗಿಯೂ ಈ ಅಜ್ಜನೂ ಒಂದೇ ಖಾನೆಯಲ್ಲಿ, ಒಂದೇ ಖಾಲಿ ಜಾಗವಾಗಿ ಕೂತಿದ್ದರು.

ಸಂಖ್ಯಾಶಾಸ್ತ್ರದವರು ಇದನ್ನು ವಿಂಗಡಿಸಿ ಬಹಳ ಕಾಲವಾಯಿತು. 1976ರಲ್ಲಿ ಡೊನಾಲ್ಡ್ ರೂಬಿನ್ ಎಂಬವರು ಕಾಣೆಯಾದ ಮಾಹಿತಿಯ ಬಗ್ಗೆ ಬರೆದ ಲೇಖನದಿಂದ ಬೆಳೆದು ಬಂದ ವಿಂಗಡಣೆ ಅದು. ಸ್ಥೂಲವಾಗಿ ಮೂರು ಬಗೆ. ಅಂಚೆಯಲ್ಲಿ ಫಾರಂ ಕಳೆದುಹೋದಂತೆ ಯಾವ ಕಾರಣವೂ ಇಲ್ಲದೆ ಕಾಣೆಯಾಗುವುದು. ವಯಸ್ಸು, ದೂರದಂಥ ನಮಗೆ ಈಗಾಗಲೇ ತಿಳಿದಿರುವ ಕಾರಣಕ್ಕೆ ಕಾಣೆಯಾಗುವುದು. ನಾವು ಅಳೆಯಹೊರಟ ಸಂಗತಿಯೇ ಕಾರಣವಾಗಿ ಕಾಣೆಯಾಗುವುದು. ಅಜ್ಜ ಮೂರನೆಯ ಬಗೆ. ನಮ್ಮವರ ಭುಜವೂ ಮೂರನೆಯ ಬಗೆ. ಮೊದಲ ಎರಡಕ್ಕೆ ಲೆಕ್ಕದಲ್ಲಿ ಒಂದಷ್ಟು ತೇಪೆ ಹಾಕಬಹುದು. ಮೂರನೆಯದಕ್ಕೆ ಮನೆ ಬಾಗಿಲು ತಟ್ಟುವುದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ.

ಹೀಗೆ ಲೆಕ್ಕ ಒಂದೇ ಕಡೆಗೆ ವಾಲುವುದನ್ನು ಇಂಗ್ಲಿಷಿನಲ್ಲಿ ಬಯಾಸ್ ಎನ್ನುತ್ತಾರೆ, ಅದಕ್ಕೆ ನಮ್ಮಲ್ಲಿ ಪಕ್ಷಪಾತ ಎಂಬ ಶಬ್ದ ಬಳಸುತ್ತಾರೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಇಲ್ಲಿ ಯಾರೂ ಯಾರ ಪಕ್ಷವನ್ನೂ ವಹಿಸಿರುವುದಿಲ್ಲ. ತಕ್ಕಡಿಯ ಒಂದು ತಟ್ಟೆಯಿಂದ ಕಾಳು ಸೋರಿರುತ್ತದೆ, ತೂಗುವವರು ಪ್ರಾಮಾಣಿಕವಾಗಿಯೇ ತೂಗುತ್ತಿರುತ್ತಾರೆ.

ಯಾವ ಕಡೆಗೆ ಸೋರುತ್ತದೆ ಎಂಬುದೂ ಗೊತ್ತಿಲ್ಲದ್ದೇನಲ್ಲ. ಅಮೆರಿಕದಲ್ಲಿ ತಲೆಗೆ ಪೆಟ್ಟಾದವರನ್ನು 1980ರ ದಶಕದ ಕೊನೆಯಿಂದ ಹಿಂಬಾಲಿಸುತ್ತಿರುವ ಒಂದು ರಾಷ್ಟ್ರೀಯ ದತ್ತಾಂಶ ಸಂಗ್ರಹವಿದೆ, ಟಿಬಿಐ ಮಾಡೆಲ್ ಸಿಸ್ಟಮ್ಸ್ ಎಂದು (ಟಿಬಿಐ ಎಂದರೆ ಪೆಟ್ಟಿನಿಂದ ಮೆದುಳಿಗಾದ ಗಾಯ). ಒಂದು, ಎರಡು, ಐದನೆಯ ವರ್ಷ, ಅಲ್ಲಿಂದ ಐದೈದು ವರ್ಷಕ್ಕೊಮ್ಮೆ ವಿಚಾರಿಸುತ್ತಾರೆ. ಈ ಬಗೆಯ ಅಧ್ಯಯನಗಳಲ್ಲಿ ಕೈತಪ್ಪಿ ಹೋಗುವವರು ಯಾರು ಎಂದು 2003ರಲ್ಲಿ ಜಾನ್ ಕಾರಿಗನ್ ಮತ್ತು ಸಂಗಡಿಗರು ನೋಡಿದಾಗ, ಬಡತನದ ಹಿನ್ನೆಲೆಯವರು, ಮದ್ಯ ಅಥವಾ ಮಾದಕ ವಸ್ತುಗಳ ಚಟವಿದ್ದವರು, ಹೊಡೆದಾಟದಂಥ ಹಿಂಸೆಯಿಂದ ಪೆಟ್ಟಾದವರು ಹೆಚ್ಚಾಗಿ ಕಳೆದುಹೋಗಿದ್ದರು. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನನ್ನ ಸತ್ತ ನಂಬರುಗಳ ಪಟ್ಟಿಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿತ್ತು. ಯಾರಿಗೆ ಚಿಕಿತ್ಸೆ ಕಷ್ಟವೋ ಅವರೇ ಮೊದಲು ಮಾಯವಾಗುತ್ತಾರೆ, ಉಳಿದವರ ಸರಾಸರಿ ತಾನಾಗಿಯೇ ಮೇಲೇರುತ್ತದೆ.

ಆ್ಯಪಿಗೆ ಮರಳುತ್ತೇನೆ. ಅದರಲ್ಲಿ ಇನ್ನೊಂದು ಗ್ರಾಫ್ ಇದೆ. ಅಡ್ಡಗೆರೆಯಲ್ಲಿ ವಾರಕ್ಕೆ ಎಷ್ಟು ದಿನ ವ್ಯಾಯಾಮ, ಲಂಬಗೆರೆಯಲ್ಲಿ ಎಷ್ಟು ಸುಧಾರಣೆ. ಗೆರೆ ಮೆಟ್ಟಿಲಿನಂತೆ ಏರುತ್ತದೆ. ಕೆಳಗೆ ಬರೆದಿದೆ: ಹೆಚ್ಚು ಮಾಡಿ, ಹೆಚ್ಚು ಪಡೆಯಿರಿ. ಇದನ್ನು ನೋಡಿ ನಮ್ಮವರು ಒಂದು ಸಂಜೆ "ನಾನೇ ಸೋಮಾರಿ" ಎಂದುಬಿಟ್ಟರು. ನನಗೆ ರೇಗಿತು, ಅವರ ಮೇಲಲ್ಲ. ನಿಷ್ಠೆಯಿಂದ ಮಾಡಬಲ್ಲವರು ಮೊದಲೇ ಅಷ್ಟಿಷ್ಟು ಗಟ್ಟಿಯಾಗಿರುತ್ತಾರೆ, ಮನೆಯಲ್ಲಿ ಜನವಿರುತ್ತಾರೆ, ಭುಜ ಜಾರಿರುವುದಿಲ್ಲ. ಹೃದ್ರೋಗಿಗಳ ಮೇಲೆ ನಡೆದ ಕೊರೊನರಿ ಡ್ರಗ್ ಪ್ರಾಜೆಕ್ಟ್ ಎಂಬ ಹಳೆಯ ಪ್ರಯೋಗದ ಒಂದು ವಿಶ್ಲೇಷಣೆ 1980ರಲ್ಲಿ ಪ್ರಕಟವಾಯಿತು. ಅದರಲ್ಲಿ ಔಷಧವೇ ಇಲ್ಲದ ಹುಸಿಗುಳಿಗೆ ಪಡೆದವರನ್ನಷ್ಟೇ ನೋಡಿ. ಕೊಟ್ಟದ್ದರಲ್ಲಿ ನೂರಕ್ಕೆ ಎಂಬತ್ತರಷ್ಟಾದರೂ ನುಂಗಿದವರಲ್ಲಿ ಐದು ವರ್ಷದೊಳಗೆ ಸತ್ತವರು ಶೇಕಡಾ 15ರಷ್ಟು. ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಶೇಕಡಾ 28ರಷ್ಟು. ಗುಳಿಗೆಯಲ್ಲಿ ಔಷಧವೇ ಇರಲಿಲ್ಲ! ನುಂಗುವವರೇ ಬೇರೆ ಜನ, ಬಿಡುವವರೇ ಬೇರೆ ಜನ. ಇದನ್ನು ನಮ್ಮವರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದರೆ ನಾನು ಸೋಮಾರಿಯಲ್ಲ ಎಂದು ಸಾಬೀತಾಯಿತೇ?" ಎಂದರು. ಅದೂ ಆಗಲಿಲ್ಲ, ಆ ಗ್ರಾಫಿನಿಂದ ಎರಡೂ ಸಾಬೀತಾಗುವುದಿಲ್ಲ ಎಂದೆ.

ಆ್ಯಪಿನಲ್ಲಿ ನಮ್ಮವರ ಸ್ವಂತ ಪುಟದಲ್ಲಿ ಇನ್ನೂ ಒಂದು ವಿಚಿತ್ರವಿದೆ. "ಈಗಿನ ಅಂಕ: 61." ಭುಜ ನೋವಾಗಿ, ವ್ಯಾಯಾಮ ನಿಂತು, ಕೈ ಮತ್ತೆ ಬಿಗಿಯಾದ ಮೇಲೂ ಅರವತ್ತೊಂದೇ. ತಿಂಗಳುಗಟ್ಟಲೆ ಅರವತ್ತೊಂದೇ. ನಿಂತ ಗಡಿಯಾರವನ್ನು ನೋಡಿ ಈಗ ಇಷ್ಟು ಗಂಟೆ ಎಂದಂತೆ. ಸಂಶೋಧನೆಯಲ್ಲೂ ಈ ಚಾಳಿ ಬಹುಕಾಲ ಇತ್ತು: ವ್ಯಕ್ತಿ ನಡುವೆ ಬಿಟ್ಟುಹೋದರೆ ಕೊನೆಯ ಸಲ ಅಳೆದ ಅಂಕವನ್ನೇ ಮುಂದಕ್ಕೆ ಎಳೆದು ಅಂತಿಮ ಫಲಿತಾಂಶವೆಂದು ಬರೆಯುವುದು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು 2010ರ ವರದಿಯಲ್ಲಿ, ವೈಜ್ಞಾನಿಕ ಸಮರ್ಥನೆ ಇಲ್ಲದೆ ಇದನ್ನು ಮುಖ್ಯ ವಿಧಾನವಾಗಿ ಬಳಸಕೂಡದು ಎಂದಿತು. ಪುನಶ್ಚೇತನದಲ್ಲಂತೂ ದೇಹ ಒಂದೇ ಕಡೆ ನಿಲ್ಲುವುದೇ ಇಲ್ಲ. ಏರುತ್ತಿರುತ್ತದೆ, ಇಲ್ಲವೇ ಇಳಿಯುತ್ತಿರುತ್ತದೆ.

ಇದೆಲ್ಲ ಆಗದ ಮಾತು, ಮನುಷ್ಯರನ್ನು ಹಿಡಿದಿಡಲು ಸಾಧ್ಯವೇ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅವೆರ್ಟ್ ಎಂಬ ಪ್ರಯೋಗವನ್ನು. ಲಕ್ವ ಹೊಡೆದವರನ್ನು ಮೊದಲ ದಿನದಿಂದಲೇ ಹಾಸಿಗೆಯಿಂದ ಎಬ್ಬಿಸಿ ಹೆಚ್ಚು ಓಡಾಡಿಸಿದರೆ ಒಳ್ಳೆಯದಾಗುತ್ತದೆಯೇ ಎಂದು ಐದು ದೇಶಗಳ 56 ಆಸ್ಪತ್ರೆಗಳಲ್ಲಿ 2,104 ಮಂದಿಯ ಮೇಲೆ ನೋಡಿದರು. 2015ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳಿಗೆ 2,083 ಮಂದಿಯ ಸ್ಥಿತಿ ಅವರ ಕೈಯಲ್ಲಿತ್ತು, ನೂರಕ್ಕೆ ತೊಂಬತ್ತೊಂಬತ್ತು. ಉತ್ತರ ಬಯಸಿದ್ದಕ್ಕೆ ತದ್ವಿರುದ್ಧ: ಬೇಗ ಎಬ್ಬಿಸಿ ಹೆಚ್ಚು ಓಡಾಡಿಸಿದವರಲ್ಲಿ ಚೆನ್ನಾಗಿ ಚೇತರಿಸಿಕೊಂಡವರು ಶೇಕಡಾ 46, ಎಂದಿನ ಆರೈಕೆಯವರಲ್ಲಿ ಶೇಕಡಾ 50. ಎಷ್ಟು ಸಣ್ಣ ಅಂತರ! ನೂರಕ್ಕೆ ಇಪ್ಪತ್ತು ಮಂದಿ ಕಳೆದುಹೋಗಿದ್ದರೆ ಈ ನಾಲ್ಕು ಯಾವ ದಿಕ್ಕಿಗಾದರೂ ತಿರುಗಬಹುದಿತ್ತು. ಲಕ್ವದ ನಂತರ ಎಷ್ಟು ತೊಂದರೆ ಉಳಿದಿದೆ ಎಂದು ಅಳೆಯಲು ಅಲ್ಲಿ ಬಳಸಿದ ರ‍್ಯಾಂಕಿನ್ ಮಾಪಕದ ಗುಣವೂ ಒಂದಿದೆ. ಅದರಲ್ಲಿ ಸೊನ್ನೆ ಎಂದರೆ ಯಾವ ತೊಂದರೆಯೂ ಇಲ್ಲ, ಆರು ಎಂದರೆ ಸಾವು. ಸತ್ತವರಿಗೂ ಅದರಲ್ಲಿ ಒಂದು ಅಂಕವಿದೆ, ಅವರು ಲೆಕ್ಕದಿಂದ ಹೊರಬೀಳುವುದಿಲ್ಲ. ನಡಿಗೆಯ ವೇಗ ಅಳೆಯುವ ಪರೀಕ್ಷೆಯಲ್ಲಾದರೆ ನಡೆಯಲಾಗದವರ ಖಾನೆಯನ್ನು ಖಾಲಿ ಬಿಟ್ಟು, ನಡೆದವರ ಸರಾಸರಿ ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ನಮ್ಮ ಕಚೇರಿಯಲ್ಲೂ ಈ ಬಗ್ಗೆ ಒಮ್ಮೆ ದೊಡ್ಡ ಜಗಳವಾಗಿತ್ತು, ಅದು ಬೇರೆ ಕತೆ.

ಫಿಸಿಯೋಥೆರಪಿ ಪ್ರಯೋಗಗಳ ಗುಣಮಟ್ಟ ಅಳೆಯುವ ಪೆಡ್ರೊ ಪಟ್ಟಿಯಲ್ಲಿ ಒಂದು ಅಂಶವಿದೆ: ಆರಂಭದಲ್ಲಿ ಸೇರಿಸಿಕೊಂಡವರಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಮಂದಿಯ ಒಂದಾದರೂ ಮುಖ್ಯ ಫಲಿತಾಂಶ ಸಿಕ್ಕಿರಬೇಕು. ಆ್ಯಪ್‌ಗಳಿಗೂ ಇಷ್ಟು ಸಾಕು ಎನ್ನುತ್ತೇನೆ. ಹಸಿರು ಸಾಲಿನ ಪಕ್ಕದಲ್ಲಿ ಸೇರಿದವರೆಷ್ಟು, ಉಳಿದವರೆಷ್ಟು ಎಂಬ ಎರಡು ಸಂಖ್ಯೆ ಹಾಕಲಿ. ಅವರ ಹತ್ತಿರ ಆ ಸಂಖ್ಯೆಗಳು ಇಲ್ಲದೇ ಇಲ್ಲ. ಚಂದಾ ಮುಗಿಯುವ ದಿನ ಮಾತ್ರ ತಪ್ಪದೆ ನೆನಪಿಸಿದರಲ್ಲ!

ನಕ್ಷತ್ರಗಳ ಬಗ್ಗೆಯೂ ಹೇಳಬೇಕು. ಈ ಸೇವೆಗೆ ಆ್ಯಪ್ ಅಂಗಡಿಯ ಪುಟದಲ್ಲಿ ಐದಕ್ಕೆ ನಾಲ್ಕೂಮುಕ್ಕಾಲು ನಕ್ಷತ್ರಗಳಿವೆ, ನಾನೂ ಅದನ್ನು ನೋಡಿಯೇ ಚಂದಾ ಕಟ್ಟಿದ್ದು. "ನಮಗೆ ಅಂಕ ಕೊಡಿ" ಎಂಬ ಕಿಟಕಿ ನಮ್ಮಲ್ಲಿ ತೆರೆದದ್ದು ಎರಡೇ ಸಲ, ಎರಡು ಸಲವೂ ವ್ಯಾಯಾಮ ಮುಗಿದು ಚಪ್ಪಾಳೆಯ ಸದ್ದು ಬಂದ ಕೂಡಲೇ. ನಮ್ಮವರು ಎರಡನೆಯ ಸಲ ಐದೂ ನಕ್ಷತ್ರ ಒತ್ತಿದ್ದರು. ಅವು ಇನ್ನೂ ಅಲ್ಲೇ ಇವೆ, ಆ ಅರವತ್ತೊಂದರ ಹಾಗೆ. ನೋವಾದ ಮೇಲೆ ಆ ಕಿಟಕಿ ತೆರೆಯಲಿಲ್ಲ.

ಆರನೆಯ ತಿಂಗಳಿಗೆ ಇಮೇಲಿನಲ್ಲಿ ಒಂದು ಪ್ರಶ್ನಾವಳಿ ಬಂತು. ಸಂತೋಷಪಟ್ಟೆ, ಕೊನೆಗಾದರೂ ಕೇಳಿದರಲ್ಲ ಎಂದು. ಮೊದಲ ಪ್ರಶ್ನೆ: ಕಳೆದ ವಾರ ಎಷ್ಟು ದಿನ ವ್ಯಾಯಾಮ ಮಾಡಿದಿರಿ? ಉತ್ತರಗಳು ಒಂದರಿಂದ ಏಳು. ಸೊನ್ನೆ ಇಲ್ಲ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ, ಕೆಂಪು ಅಕ್ಷರದಲ್ಲಿ "ಕಡ್ಡಾಯ" ಎನ್ನುತ್ತದೆ. ಮೇಜಿನ ಹಿಂದೆ ಕೂತಿದ್ದ ಹನ್ನೊಂದು ವರ್ಷದಲ್ಲಿ ಇಂಥ ಫಾರಂ ನಾನು ಕಂಡಿರಲಿಲ್ಲ. ಉದ್ದನೆಯ ಪತ್ರ ಬರೆದೆ, ಸ್ವಲ್ಪ ಖಾರವಾಗಿಯೇ. ಉತ್ತರ ಬರಲಿಲ್ಲ.

ಇಷ್ಟಾದರೂ ಮೂರು ನಕ್ಷತ್ರ ಕೊಡುತ್ತೇನೆ. ಎರಡು ಆ ಕ್ಯಾಮೆರಾಕ್ಕೆ ಮತ್ತು ಮೊದಲ ತಿಂಗಳ ಹುಡುಗನಿಗೆ. ಮೂರನೆಯದು ಕಳೆದ ವಾರ ಆದದ್ದಕ್ಕೆ. ಒಂಬತ್ತನೆಯ ತಿಂಗಳ ಪ್ರಶ್ನಾವಳಿ ಬಂದಿತ್ತು. ತೆರೆದು ನೋಡಿದರೆ ಸೊನ್ನೆ ಸೇರಿದೆ. ನನ್ನ ಪತ್ರದಿಂದಲೋ ಮತ್ತಾರ ಪತ್ರದಿಂದಲೋ, ಸೇರಿದೆ. ನಮ್ಮವರಿಗೆ ಕೊಟ್ಟೆ. ಸೊನ್ನೆ ಒತ್ತಿದರು. ಏಕೆ ನಿಲ್ಲಿಸಿದಿರಿ ಎಂದು ಕೇಳಿತು. ಸಮಯವಿಲ್ಲ, ಗುಣವಾಯಿತು, ಇತರೆ. ನೋವು ಎಂಬುದು ಇರಲಿಲ್ಲ. ಇತರೆ ಒತ್ತಿದರು. ಬರೆಯಲು ಒಂದು ಖಾನೆ ತೆರೆಯಿತು. ನಾನು ಬರೆದುಕೊಡಲು ಕೈ ಚಾಚಿದೆ. "ಇರು" ಎಂದು ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ಬಿಗಿದ ಬಲಗೈಯನ್ನು ಎಡಗೈಯಿಂದ ಹಿಡಿದು ತಂದು, ಬಲಗೈಯ ತೋರುಬೆರಳಿನಿಂದಲೇ ಒಂದೊಂದು ಅಕ್ಷರ ಒತ್ತಿದರು. ಭ, ಆಮೇಲೆ ಕೊಂಬು, ಆಮೇಲೆ ಜ. ಎರಡು ಸಲ ಅಳಿಸಿದರು. "ಭುಜ ನೋವು" ಎಂದು ಮುಗಿಸುವಷ್ಟರಲ್ಲಿ ಒಂಬತ್ತು ನಿಮಿಷವಾಗಿತ್ತು, ಹಣೆಯಲ್ಲಿ ಬೆವರಿತ್ತು. ತಿಂಗಳುಗಳ ನಂತರ ಆ ಕೈ ತಾನಾಗಿ ಮಾಡಿದ ಮೊದಲ ಕೆಲಸ ಅದು. ಕಳುಹಿಸಿ ಅಂಕದ ಪುಟ ತೆರೆದು ನೋಡಿದೆವು. ಅರವತ್ತೊಂದೇ ಇತ್ತು.